ತಪಸ್ಸುಕಾಲ ಕಳೆದರೂ ಬಿಡದ ಉಪವಾಸ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪದವಿ ಓದುತ್ತಿರುವ ಕ್ಯಾಥೊಲಿಕ್ ಹುಡುಗಿ. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಾದ ತಪಸ್ಸುಕಾಲದಲ್ಲಿ ಹಿಡಿದ ಉಪವಾಸವನ್ನು ಹಬ್ಬ ಕಳೆದರೂ ಬಿಟ್ಟಿಲ್ಲವೆಂದು ತಾಯಿ ನನ್ನ ಬಳಿ ಆಪ್ತಸಲಹೆಗೆ ಕರೆತಂದಿದ್ದರು. ತಟ್ಟೆಯ ಮುಂದೆ ಕೂರುತ್ತಾಳೆ, ಅನ್ನವನ್ನು ಅಂಚಿಗೆ ಸರಿಸಿ ಸರಿಸಿ ಎದ್ದುಬಿಡುತ್ತಾಳೆ. ಮುಟ್ಟು ನಿಂತಿದೆ, ಮೆಟ್ಟಿಲು ಹತ್ತಿದರೆ ತಲೆಸುತ್ತು. "ಸಿಯೆನಾದ ಸಂತ ಕ್ಯಾಥರೀನ್ ಪರಮಪ್ರಸಾದದಿಂದಲೇ ಬದುಕಿದ್ದರಲ್ಲ ಮೇಡಂ?" ಎಂಬುದು ಅವಳ ವಾದ. ಪರಮಪ್ರಸಾದವೆಂದರೆ ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿಯ ತುಣುಕು.

ನಂಬಿಕೆಯೊಂದಿಗೆ ಜಗಳಕ್ಕಿಳಿದರೆ ಇಂಥ ಮಕ್ಕಳು ಮತ್ತೆ ಬರುವುದೇ ಇಲ್ಲ. ಮೊದಲು ವೈದ್ಯರಲ್ಲಿಗೆ ಕಳುಹಿಸಿ ರಕ್ತಪರೀಕ್ಷೆ, ಇಸಿಜಿ ಮಾಡಿಸಿದೆ. ಆಮೇಲೆ ಮಾತೆಲ್ಲ ಕ್ಯಾಥರೀನರದ್ದೇ.

1347ರಲ್ಲಿ ಇಟಲಿಯ ಸಿಯೆನಾದಲ್ಲಿ ಹುಟ್ಟಿದ ಅವರು ಬಟ್ಟೆಗೆ ಬಣ್ಣ ಹಾಕುವ ಯಾಕೊಪೊನ ಮಗಳು. ಮದುವೆಗೆ ಒತ್ತಾಯಿಸಿದಾಗ ಕೂದಲನ್ನೇ ಕತ್ತರಿಸಿಕೊಂಡರು. ಮನೆಯವರು ಸಿಟ್ಟಿನಿಂದ ಅವರ ಕೋಣೆ ಕಿತ್ತುಕೊಂಡು ಮನೆಗೆಲಸಕ್ಕೆ ಹಚ್ಚಿದರು. ಇಷ್ಟು ಹೇಳುವಾಗಲೇ ಹುಡುಗಿಯ ಕಣ್ಣು ತುಂಬಿತು. ಕ್ರಿಸ್ಮಸ್ ರಜೆಗೆ ಗಲ್ಫಿನಿಂದ ಬಂದವರೊಬ್ಬರ ಸಂಬಂಧ ಕುದುರುತ್ತಿದೆಯಂತೆ. ಅವಳನ್ನು ಯಾರೂ ಕೇಳಿಲ್ಲ. ಮನೆಯಲ್ಲಿ ಅವಳ ಮಾತು ನಡೆಯುವ ಜಾಗ ಉಳಿದಿದ್ದದ್ದು ಆ ತಟ್ಟೆಯೊಂದೇ.

ಅವಳು ಓದಿದ್ದ ಚಿಕ್ಕ ಜೀವನಚರಿತ್ರೆಯಲ್ಲಿ ಉಪವಾಸದ ಭಾಗ ಮಾತ್ರ ಉಬ್ಬಿಕೊಂಡಿತ್ತು. ಊಟ ಮಾಡದಿರುವುದನ್ನು ಒಬ್ಬರು ಆಕ್ಷೇಪಿಸಿದಾಗ, ಎಲ್ಲರಂತೆ ಉಣ್ಣುವ ಶಕ್ತಿ ಕೊಡೆಂದು ದೇವರನ್ನು ಬೇಡುತ್ತಿದ್ದೇನೆ ಎಂದು ಕ್ಯಾಥರೀನ್ ಪತ್ರ ಬರೆದಿದ್ದರು. ದೇಹದಂಡನೆ ಸಾಧನ ಮಾತ್ರ, ಗುರಿಯಲ್ಲ ಎಂಬುದು ಅವರ 'ಸಂವಾದ' ಎಂಬ ಗ್ರಂಥದ ಬೋಧನೆ. ರೋಗಿಗಳ ಶುಶ್ರೂಷೆ ಮಾಡಿದರು. 1376ರಲ್ಲಿ, ಆಗ ಪೋಪರು ನೆಲೆಸಿದ್ದ, ಇಂದಿನ ಫ್ರಾನ್ಸಿನ ಅವಿನ್ಯೋನಿಗೇ ಹೋಗಿ, ರೋಮಿಗೆ ಮರಳಿ ಎಂದು ಪೋಪ್ 11ನೇ ಗ್ರೆಗರಿಯವರನ್ನು ಒತ್ತಾಯಿಸಿದರು. 1380ರಲ್ಲಿ, ಬರೀ 33ರ ವಯಸ್ಸಿಗೆ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ನೀರೂ ಇಳಿಯುತ್ತಿರಲಿಲ್ಲ. ಇದನ್ನು ಅವಳಿಂದ ಮುಚ್ಚಿಡಲಿಲ್ಲ. 1970ರಲ್ಲಿ ಅವರಿಗೆ ಧರ್ಮಸಭೆಯ ಪಂಡಿತೆ ಎಂಬ ಪದವಿ ಸಂದದ್ದು ಬೋಧನೆಗಾಗಿ, ಖಾಲಿ ಹೊಟ್ಟೆಗಲ್ಲ.

ಹುಡುಗಿಗೆ ಹೇಳಿದ್ದು: ವೈದ್ಯರು ಬರೆದುಕೊಟ್ಟಷ್ಟು ಊಟ ತಪ್ಪಬಾರದು, ಯಾವುದೇ ವ್ರತವನ್ನು ಚರ್ಚಿನ ಗುರುಗಳಿಗೆ ಕೇಳದೆ ಹಿಡಿಯಬಾರದು, ಮದುವೆ ಬೇಡವೆಂಬುದನ್ನು ಬಾಯಿಬಿಟ್ಟೇ ಹೇಳಬೇಕು, ಜೊತೆಗೆ ನಾನಿರುತ್ತೇನೆ. ತಾಯಿಗೆ ಹೇಳಿದ್ದು: ತುತ್ತು ಎಣಿಸಬೇಡಿ, ಆಣೆ ಹಾಕಿಸಬೇಡಿ, ಸಂಬಂಧದ ಮಾತು ಸದ್ಯಕ್ಕೆ ನಿಲ್ಲಿಸಿ. ತಲೆಸುತ್ತಿ ಬಿದ್ದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಒಯ್ಯಿರಿ.

ಯಾಕೊಪೊ ಕೊನೆಗೆ, ಇನ್ನು ಯಾರೂ ಮಗಳನ್ನು ಕಾಡಕೂಡದೆಂದು ಮನೆಯವರಿಗೆಲ್ಲ ಅಪ್ಪಣೆ ಮಾಡಿದ್ದ. ಈ ಹುಡುಗಿಯ ತಂದೆ ಇನ್ನೂ ನನ್ನ ಬಳಿಗೆ ಬಂದಿಲ್ಲ. ಮುಂದಿನ ಭೇಟಿಗೆ ಅವರನ್ನು ಕರೆದುಕೊಂಡೇ ಬನ್ನಿ ಎಂದಿದ್ದೇನೆ.