‘ನಾನು ಪಶುವೈದ್ಯೆ ಆಗಬೇಕಿತ್ತು’

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಆಕೆಗೆ 38 ವರ್ಷ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಒಳ್ಳೆಯ ಹುದ್ದೆ, ಸಂಬಳಕ್ಕೂ ಕೊರತೆ ಇಲ್ಲ. ಬಂದು ಕೂತವರೇ ಶುರು ಮಾಡಿದರು: “ಮೇಡಂ, ನಾನು ಪಶುವೈದ್ಯೆ ಆಗಬೇಕಿತ್ತು. ಅಪ್ಪನ ಮಾತು ಕೇಳಿ ಕಾಮರ್ಸ್ ತಗೊಂಡೆ. ಈಗ ಬಿಟ್ಟರೆ 15 ವರ್ಷ ನೀರಲ್ಲಿ ಹೋಮ ಮಾಡಿದ ಹಾಗೆ, ಬಿಡದಿದ್ದರೆ ಹೀಗೇ ಕೊರಗ್ತಾ ಇರಬೇಕು.”

ಪಶುವೈದ್ಯರ ಒಂದು ದಿನ ಹೇಗಿರುತ್ತೆ ಅಂತ ಕೇಳಿದೆ. “ಪ್ರಾಣಿಗಳ ಜೊತೆ ಇರ್ತಾರೆ ಅಲ್ವಾ” ಅಂದರು. ಅಷ್ಟೇ.

ಇಂಥವರು ತಮ್ಮ ಕೆಲಸದ ಕೆಟ್ಟ ದಿನವನ್ನು ಇನ್ನೊಂದು ಕೆಲಸದ ಒಳ್ಳೇ ದಿನದ ಪಕ್ಕ ಇಟ್ಟು ಅಳೆಯುತ್ತಾರೆ. ಗಿಲೋವಿಚ್ ಮತ್ತು ಮೆಡ್ವೆಕ್ ಎಂಬ ಮನೋವಿಜ್ಞಾನಿಗಳು 1994ರಲ್ಲೇ ಬರೆದಿದ್ದರು: ಮಾಡಿದ್ದರ ಬಗೆಗಿನ ಬೇಜಾರು ಆಗಿನ ಮಟ್ಟಿಗೆ ಜಾಸ್ತಿ, ಮಾಡದೇ ಬಿಟ್ಟಿದ್ದು ವರ್ಷಗಳಾದ ಮೇಲೆ ಜಾಸ್ತಿ ಕಾಡುತ್ತೆ. ಕಾಡದೆ ಇನ್ನೇನು, ಮಾಡದ ಕೆಲಸದಲ್ಲಿ ಯಾರೂ ಬೈಸಿಕೊಂಡಿರುವುದಿಲ್ಲವಲ್ಲ!

15 ವರ್ಷದ ವಿಷಯಕ್ಕೆ ನಾನು ಹೇಳಿದ್ದು ಇಷ್ಟೇ: ಬಿಟ್ಟರೂ ಆ ವರ್ಷ ವಾಪಸ್ ಬರಲ್ಲ, ಇದ್ದರೂ ಬರಲ್ಲ, ಹಾಗಾಗಿ ಮುಂದಿನ ವರ್ಷಗಳನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ. “ಸಂಕ್ ಕಾಸ್ಟ್, ಅಂದ್ರೆ ಆಗಲೇ ಖರ್ಚಾಗಿ ವಾಪಸ್ ಬಾರದ ದುಡ್ಡು! ಇದನ್ನ ನಾನೇ ಜೂನಿಯರ್‌ಗಳಿಗೆ ಪಾಠ ಮಾಡ್ತೀನಿ” ಅಂತ ನಕ್ಕರು. ಆ ‘ಪಾಠ ಮಾಡ್ತೀನಿ’ ಅನ್ನುವಾಗ ಮುಖ ಅರಳಿದ್ದನ್ನು ಗುರುತು ಹಾಕಿಕೊಂಡೆ.

ಎರಡು ಕೆಲಸ ಕೊಟ್ಟೆ. ಎರಡು ವಾರ, ದಿನದ ಯಾವ ಕೆಲಸ ಹಿತ ಅನ್ನಿಸಿತು, ಯಾವುದು ಹಿಂಸೆ ಅನ್ನಿಸಿತು ಅಂತ ಬರೆದಿಡುವುದು. ರಜೆ ಹಾಕಿ ಪಶು ಚಿಕಿತ್ಸಾಲಯದಲ್ಲಿ ಕೆಲವು ದಿನ ಸುಮ್ನೆ ನಿಂತು ನೋಡುವುದು. ರಾಜೀನಾಮೆ ಮಾತ್ರ ಸದ್ಯಕ್ಕೆ ಬೇಡ ಅಂದೆ.

ಪುಸ್ತಕ ತಂದರು. ಹಿಂಸೆಯ ಕಡೆ ಬಹುತೇಕ ಒಂದೇ ಸಂಗತಿ: ತಿಂಗಳ ಕೊನೆ, ರಾತ್ರಿವರೆಗೆ ಲೆಕ್ಕ ತಾಳೆ ಹಾಕುವುದು, ನಡುನಡುವೆ ಬಾಸ್ ಫೋನು. ಹಿತದ ಕಡೆ, ಹೊಸಬರಿಗೆ ಹೇಳಿಕೊಡುವುದು. ಚಿಕಿತ್ಸಾಲಯದಲ್ಲಿ ಮೊದಲ ದಿನವೇ ಒಂದು ನಾಯಿ ಸತ್ತಿತ್ತು, ಮಾಲೀಕರು ಅಳುತ್ತಲೇ ಬಿಲ್ಲಿಗೆ ಜಗಳ ತೆಗೆದರಂತೆ. “ಹೆದರಿಕೆ ಆಗಲಿಲ್ಲ ಮೇಡಂ, ಆದರೆ ಡಾಕ್ಟರ ಜಾಗದಲ್ಲಿ ನನ್ನನ್ನ ಇಟ್ಟು ನೋಡೋಕೆ ಆಗಲಿಲ್ಲ.”

ತರಬೇತಿಯ ಕೆಲಸ ಜಾಸ್ತಿ ಕೊಡಿ ಅಂತ ಆಫೀಸಿನಲ್ಲಿ ಬರೆದು ಕೇಳಿ, ವಾರಕ್ಕೊಮ್ಮೆ ಪ್ರಾಣಿಗಳ ಆರೈಕೆ ಕೇಂದ್ರಕ್ಕೆ ಹೋಗಿ ಅಂತ ಸಲಹೆ ಕೊಟ್ಟೆ. ಅಪ್ಪನ ಮೇಲಿನ ಸಿಟ್ಟು ಬೇರೆಯದೇ ವಿಷಯ, ಅದಕ್ಕೆ ಇನ್ನೊಂದು ಭೇಟಿ ಇಟ್ಟುಕೊಂಡಿದ್ದೇವೆ. ಆರು ತಿಂಗಳಾದ ಮೇಲೂ ಪಶುವೈದ್ಯಕೀಯವೇ ಬೇಕು ಅನ್ನಿಸಿದರೆ ಕೋರ್ಸಿನ ಅವಧಿ, ಫೀಸು, ಅಷ್ಟು ದಿನದ ಮನೆ ಖರ್ಚು ಎಲ್ಲ ಬರೆದುಕೊಂಡು ಬನ್ನಿ, ಕೂತು ನೋಡೋಣ ಅಂದಿದ್ದೇನೆ.