ಲೂಥರ್ ಊರುಗಳನ್ನು ನೋಡಿ, ಟ್ಯೂಬಿಂಗೆನ್ ಬಿಡಬೇಡಿ

ಉಡುಪಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಮುಂದಿನ ವರ್ಷ ಜರ್ಮನಿಗೆ ಹೊರಟಿದ್ದಾರಂತೆ. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಎಂಟು ದಿನಕ್ಕೆ ಆರು ಊರು, ಎಲ್ಲವೂ ಐನೂರು ವರ್ಷದ ಹಿಂದೆ ಪೋಪರ ಚರ್ಚನ್ನು ಎದುರಿಸಿ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಅವರಿಗೆ ಸೇರಿದವೇ. "ಮಿಷನ್ ಮತ್ತು ಪರಂಪರೆ ಯಾತ್ರೆ" ಅಂತ ಹೆಸರು ಬೇರೆ. "ನಮ್ಮ ಹಿರಿಯರು ಬಾಸೆಲ್ ಮಿಶನ್ ಸಭೆಯವರು. ಹಾಗಾದರೆ ನಮ್ಮ ಮೂಲ ವಿಟೆನ್‌ಬರ್ಗ್‌ನಲ್ಲೇ ಇದೆಯಾ? ಅಲ್ಲಿ ಹೋಗಿ ನಾವು ಮಾಡುವ ಮಿಷನ್ ಯಾವುದು? ನನ್ನ ಮಗ ಇದು ಸುಮ್ನೆ ಯುರೋಪ್ ಟೂರು ಅಂತ ನಗುತ್ತಾನೆ" ಎಂದು ಕೇಳಿದ್ದಾರೆ.

ಅಮ್ಮಾ, ಟೂರು ಅಂದ ಮಾತ್ರಕ್ಕೆ ಅದರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಆ ಪಟ್ಟಿಯ ಬಗ್ಗೆ. ಲೂಥರ್ ತೀರಿಕೊಂಡದ್ದು 1546ರಲ್ಲಿ. ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ನಡುವಿನ ಸುಮಾರು ಮುನ್ನೂರು ವರ್ಷವನ್ನು ನಿಮ್ಮ ಟೂರಿನವರು ಒಂದೇ ಜಿಗಿತಕ್ಕೆ ದಾಟಿಬಿಟ್ಟಿದ್ದಾರೆ, ನಿಮ್ಮ ಸಭೆಯ ಕಥೆ ಇರುವುದೇ ಅಲ್ಲಿ.

ಬಾಸೆಲ್ ಮಿಶನ್ 1815ರಲ್ಲಿ ಶುರುವಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಬಾಸೆಲ್ ಊರಿನ ಚರ್ಚು ಲೂಥರ್ ಪಂಥದ್ದಲ್ಲ, ಪ್ರೊಟೆಸ್ಟೆಂಟರದ್ದೇ ಇನ್ನೊಂದು ಕವಲಾದ ರಿಫಾರ್ಮ್ಡ್ ಪಂಥದ್ದು. ಆದರೆ ಅಲ್ಲಿ ತರಬೇತಿಗೆ ಬಂದವರಲ್ಲಿ ತುಂಬಾ ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್‌ನವರು, ಲುಥೆರನ್ (ಲೂಥರ್ ಪಂಥದ) ಮನೆಗಳ ಮಕ್ಕಳು. ಅದರಲ್ಲೂ ಪಯಟಿಸ್ಟರು ಅಂತ ಕರೆಯುವ ಭಕ್ತಿ ಪಂಥದವರು, ಅಂದರೆ ಚರ್ಚಿನ ಆರಾಧನೆ ಮುಗಿದ ಮೇಲೂ ಮನೆಗಳಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದವರು. ಪಂಥದ ಹೆಸರಿಗಾಗಿ ಜಗಳವಾಡುವುದು ಅವರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ಆದ್ದರಿಂದ ನಿಮ್ಮ ಹಿರಿಯರಿಗೆ ಬಂದ ನಂಬಿಕೆ ಲೂಥರ್ ಕಡೆಯದು ಹೌದು, ಬರೀ ಅದೇ ಅಲ್ಲ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯ ಕಡೆಯ ತಮಿಳು ಸಭೆ ಇವತ್ತಿಗೂ ಲುಥೆರನ್ ಅಂತ ಹೆಸರಿಟ್ಟುಕೊಂಡಿದೆ, ನಿಮ್ಮದು ಸಿಎಸ್‌ಐಗೆ ಸೇರಿದೆ ಅಲ್ವಾ.

ಈಗ ಅದೇ ವ್ಯುರ್ಟೆಂಬರ್ಗ್‌ನ ವಿಶ್ವವಿದ್ಯಾಲಯದ ಊರಾದ ಟ್ಯೂಬಿಂಗೆನ್ ಯಾಕೆ ಅಂತ ಹೇಳುತ್ತೇನೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ಅಲ್ಲೇ. ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು ಉತ್ತರದ ಸಮುದ್ರ ತೀರದ ಕಡೆ. ಆದರೆ 1894ರಲ್ಲಿ ಅವರ ಕನ್ನಡ ನಿಘಂಟು ಅಚ್ಚಾದ ಮೇಲೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಲ್ಲಿ. ಕನ್ನಡದವರು ಜರ್ಮನಿಗೆ ಹೋಗಿ, ಅದೂ ಬಾಸೆಲ್ ಮಿಶನ್ ಸಭೆಯವರು ಹೋಗಿ, ಈ ಊರನ್ನು ಬಿಟ್ಟು ಬಂದರೆ ನನಗಂತೂ ಬೇಜಾರು. ಅಲ್ಲಿಂದ ಬಾಸೆಲ್ ದೂರವಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಇದ್ದರೆ ಸ್ವಿಟ್ಜರ್ಲೆಂಡಿಗೆ ಬೇರೆ ವೀಸಾ ಬೇಡ.

ದಿನ ಎಲ್ಲಿಂದ ತರೋದು ಅಂತೀರಾ? ಐಸ್ಲೆಬೆನ್ ಬಿಡಿ. ಲೂಥರ್ ಹುಟ್ಟಿದ್ದೂ ಸತ್ತದ್ದೂ ಅಲ್ಲೇ, ನಿಜ. ಆದರೆ ಹುಟ್ಟಿದ ಮನೆ 1689ರ ಬೆಂಕಿಯಲ್ಲಿ ಹೋಯಿತು, ಈಗ ಇರುವುದು ಆಮೇಲೆ ಸ್ಮಾರಕ ಅಂತ ಕಟ್ಟಿದ್ದು. "ಸತ್ತ ಮನೆ" ಅಂತ ತೋರಿಸುವ ಮ್ಯೂಸಿಯಂ ಕೂಡ ಅವರು ನಿಜವಾಗಿ ಸತ್ತ ಮನೆಯಲ್ಲ! ಆ ದಿನವನ್ನು ಹತ್ತಿರದ ಹಾಲೆ ಎಂಬ ಊರಿಗೆ ಕೊಡಿ. ಫ್ರಾಂಕೆ ಎಂಬ ಪಾದ್ರಿ 1698ರಲ್ಲಿ ಅಲ್ಲಿ ಅನಾಥಾಲಯದ ದೊಡ್ಡ ಕಟ್ಟಡ ಶುರು ಮಾಡಿದರು. 1706ರಲ್ಲಿ ತರಂಗಂಬಾಡಿಗೆ ಬಂದ ಮಿಷನರಿ ಸೀಗನ್‌ಬಾಲ್ಗ್ ಹಾಲೆಯಲ್ಲಿ ಓದಿದವರು, ಅವರ ಹಿಂದೆ ನಿಂತದ್ದೂ ಇದೇ ಸಂಸ್ಥೆ. ಅಲ್ಲಿನ ಸಂಗ್ರಹದಲ್ಲಿ ತಮಿಳು ತಾಳೆಗರಿಗಳೇ ಇವೆ.

ವಾರ್ಟ್‌ಬುರ್ಗ್ ಕೋಟೆ ಇಟ್ಟುಕೊಳ್ಳಿ. 1521ರಲ್ಲಿ ಲೂಥರ್ ತಲೆಮರೆಸಿಕೊಂಡು ಕೂತು ಕೆಲವೇ ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ ಕೋಣೆ ಅಲ್ಲಿದೆ. ಸೈತಾನನಿಗೆ ಇಂಕಿನ ಕುಪ್ಪಿ ಎಸೆದ ಕಲೆ ಅಂತ ಗೈಡ್ ಹೇಳುವ ಕಥೆಯನ್ನು ನಕ್ಕು ಬಿಟ್ಟುಬಿಡಿ. ಜನ ಕೆರೆದು ಕೆರೆದು ಒಯ್ದ ಹಾಗೆಲ್ಲ ಆ ಕಲೆಯನ್ನು ಮತ್ತೆ ಮತ್ತೆ ಬಳಿದಿದ್ದಾರೆ.

ವಿಟೆನ್‌ಬರ್ಗ್‌ನಲ್ಲಿ ಎಲ್ಲರೂ ಕೋಟೆ ಚರ್ಚಿನ ಬಾಗಿಲ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆದರೆ 1517ರಲ್ಲಿ ಲೂಥರ್ ಚರ್ಚನ್ನು ಪ್ರಶ್ನಿಸುವ ತಮ್ಮ 95 ವಾದಗಳನ್ನು ಮೊಳೆ ಹೊಡೆದು ಹಚ್ಚಿದರು ಅನ್ನುವ ಮರದ ಬಾಗಿಲು 1760ರಲ್ಲೇ ಯುದ್ಧದಲ್ಲಿ ಸುಟ್ಟುಹೋಗಿದೆ. ಈಗಿರುವ ಕಂಚಿನ ಬಾಗಿಲು 1858ರದ್ದು. ಲೂಥರ್ ನಿಜವಾಗಿ ಮೊಳೆ ಹೊಡೆದರಾ ಅನ್ನುವುದರ ಬಗ್ಗೆಯೂ ಇತಿಹಾಸಕಾರರಲ್ಲಿ ಜಗಳ ಇದೆ. ನಾನಾದರೆ ಜಾಸ್ತಿ ಹೊತ್ತು ಊರಿನ ಸೇಂಟ್ ಮೇರಿ ಚರ್ಚಿನಲ್ಲಿ ಕಳೆಯುತ್ತೇನೆ, ಲೂಥರ್ ವಾರ ವಾರ ಪ್ರಸಂಗ ಮಾಡುತ್ತಿದ್ದದ್ದು ಅಲ್ಲಿ. ಹೊರಗೋಡೆಯ ಮೇಲೆ ತಲೆಯೆತ್ತಿ ನೋಡಿ. ಯೆಹೂದಿಗಳು ಹಂದಿಯ ಮೊಲೆ ಚೀಪುವ ಹಾಗೆ ಕೆತ್ತಿದ, ಲೂಥರ್‌ಗಿಂತಲೂ ಹಳೆಯ, ಹೊಲಸು ಶಿಲ್ಪ ಒಂದಿದೆ. 1543ರಲ್ಲಿ ಲೂಥರ್ ಯೆಹೂದಿಗಳ ವಿರುದ್ಧ ಕೆಟ್ಟದಾಗಿ ಬರೆದಾಗ ಈ ಶಿಲ್ಪವನ್ನೂ ಎತ್ತಿಕೊಂಡಿದ್ದರು. 1988ರಲ್ಲಿ ಅದರ ಕೆಳಗೆ ನೆಲದಲ್ಲಿ ಸ್ಮಾರಕ ಫಲಕ ಹಾಕಿದರು. ತೆಗೆಸಬೇಕು ಅಂತ ಒಬ್ಬರು ಕೋರ್ಟಿಗೆ ಹೋದರು, 2022ರಲ್ಲಿ ಜರ್ಮನಿಯ ಮೇಲಿನ ಕೋರ್ಟು ಇರಲಿ ಅಂತ ತೀರ್ಪು ಕೊಟ್ಟಿತು. ಟೂರಿನವರು ತೋರಿಸದಿದ್ದರೆ ನೀವೇ ಕೇಳಿ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳು ಜೊತೆಗಿದ್ದರೆ ಅವರನ್ನೂ ನಿಲ್ಲಿಸಿ ತೋರಿಸಿ, ಮುಚ್ಚಿಡಬೇಡಿ.

ಇನ್ನು ಮಿಷನ್. ವಿಟೆನ್‌ಬರ್ಗ್ ಇರುವ ಭಾಗ 1990ರವರೆಗೆ ಕಮ್ಯುನಿಸ್ಟ್ ಪೂರ್ವ ಜರ್ಮನಿ. ಈಗ ಅಲ್ಲಿ ಐದರಲ್ಲಿ ನಾಲ್ಕು ಜನ ಯಾವ ಚರ್ಚಿಗೂ ಸೇರಿಲ್ಲ. ಹಾಗಂತ ಬೀದಿಯಲ್ಲಿ ಕರಪತ್ರ ಹಂಚಲು ಹೋಗಬೇಡಿ, ದಯವಿಟ್ಟು. ಭಾನುವಾರ ಒಂದು ಸಣ್ಣ ಊರಿನ ಆರಾಧನೆಗೆ ಹೋಗಿ, ಮೊದಲೇ ಪಾದ್ರಿಗೆ ಬರೆದು, ಒಂದು ಕನ್ನಡ ಹಾಡು ಹಾಡುತ್ತೇವೆ ಅಂತ ಕೇಳಿ. ಖಾಲಿ ಬೆಂಚುಗಳ ನಡುವೆ ಕೂತ ವಯಸ್ಸಾದ ನಾಲ್ಕು ಜನರ ಜೊತೆ ಕಾಫಿ ಕುಡಿಯಿರಿ, ಸಭೆ ಹೇಗೆ ನಡೆಸುತ್ತೀರಿ ಅಂತ ವಿಚಾರಿಸಿ. ಇದೇ ಸಣ್ಣ ಸಭೆಗಳು ಕಮ್ಯುನಿಸ್ಟ್ ಸರ್ಕಾರದ ಕಣ್ಣೆದುರೇ ಬಾಳಿದವು. 1983ರ ಸೆಪ್ಟೆಂಬರ್‌ನಲ್ಲಿ ವಿಟೆನ್‌ಬರ್ಗ್‌ನ ಲೂಥರ್ ಮನೆಯಂಗಳದಲ್ಲಿ ಒಬ್ಬ ಕಮ್ಮಾರ ರಾತ್ರಿ ಸಾವಿರಾರು ಜನರ ಮುಂದೆ, ಶಾಂತಿಯ ಬಗ್ಗೆ ಬೈಬಲ್ ಹೇಳುವ ಮಾತಿನ ಹಾಗೇ, ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡಿದ. ಅದನ್ನು ಮಾಡಿಸಿದ್ದು ಫ್ರೀಡ್ರಿಶ್ ಶೋರ್ಲೆಮ್ಮರ್ ಎಂಬ ಪಾದ್ರಿ. ನನ್ನ ಕೇಳಿದರೆ ಬಾಗಿಲಿಗಿಂತ ಆ ಅಂಗಳವೇ ದೊಡ್ಡದು.

ಒಂದೆರಡು ಸಣ್ಣ ಮಾತು. ಅಕ್ಟೋಬರ್ 31ಕ್ಕೇ ವಿಟೆನ್‌ಬರ್ಗ್ ಬೇಡ, ಸುಧಾರಣಾ ದಿನದ ಜಾತ್ರೆ ಗಲಾಟೆಯಲ್ಲಿ ಏನೂ ಕಾಣಿಸುವುದಿಲ್ಲ. ಲೂಥರ್ ಮನೆ ರಿಪೇರಿಗೆ ಮುಚ್ಚಿರಬಹುದು, ಮೊದಲೇ ವಿಚಾರಿಸಿ. ಬಾಸೆಲ್‌ನ ಮಿಶನ್ ದಾಖಲೆ ಸಂಗ್ರಹಕ್ಕೆ ಹೋಗುವುದಾದರೆ ಮುಂಚೆಯೇ ಪತ್ರ ಬರೆದು ಯಾವ ಊರು, ಯಾವ ವರ್ಷ ಅಂತ ತಿಳಿಸಿ. ಪಾದ್ರಿಗಳ ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ, ಈಗಿನ ಜರ್ಮನರಿಗೇ ಓದಲು ಕಷ್ಟ. ಹಾಗಾಗಿ ಫೋಟೋಗಳಿಂದ ಶುರು ಮಾಡಿ, ಅವನ್ನು ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲೂ ನೋಡಬಹುದು.

– ಸಂ.