24ನೇ ಕಾಲಂ ಬೇಡ

ಪ್ರಶ್ನೆ: 14 ಜನರ ತಂಡಕ್ಕೆ ನಾನು ಮ್ಯಾನೇಜರ್. ಇಬ್ಬರಲ್ಲಿ ಒಬ್ಬರನ್ನು ಟೀಮ್ ಲೀಡ್ ಮಾಡಬೇಕು. ಒಬ್ಬರು ಸೀನಿಯರ್, ನನಗೆ ಕೆಲಸ ಕಲಿಸಿದವರು. ಇನ್ನೊಬ್ಬರು ಕಿರಿಯರು, ಆದರೆ ಏನೇ ತೊಡಕು ಬಂದರೂ ತಂಡದವರು ಹೋಗುವುದು ಅವರ ಹತ್ತಿರವೇ. ಮೂರು ತಿಂಗಳಿಂದ ಮೀನಮೇಷ ಎಣಿಸುತ್ತಿದ್ದೇನೆ. ಇಬ್ಬರನ್ನೂ ಹೋಲಿಸುವ ಎಕ್ಸೆಲ್ ಶೀಟಿನಲ್ಲಿ 23 ಕಾಲಂ ಆಗಿವೆ. ಇನ್ನೂ ಮಾಹಿತಿ ಬೇಕು ಅನ್ನಿಸುತ್ತದೆ. ನಾನು ಈ ಕುರ್ಚಿಗೆ ಲಾಯಕ್ಕಿಲ್ಲವೇ?

ಉತ್ತರ: 23 ಕಾಲಂ! ನನ್ನ ಕಣ್ಣು ಅಲ್ಲೇ ನಿಂತಿತು. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಸೀನಿಯರ್ ಬಗ್ಗೆ ಬರೆಯುವಾಗ ಅವರು ನಿಮಗೆ ಏನು ಮಾಡಿದರು ಅಂತ ಬರೆದಿದ್ದೀರಿ. ಕಿರಿಯರ ಬಗ್ಗೆ ಬರೆಯುವಾಗ ಅವರು ತಂಡಕ್ಕೆ ಏನು ಮಾಡುತ್ತಿದ್ದಾರೆ ಅಂತ. ಮಾಹಿತಿ ಬೇಕಾದಷ್ಟಿದೆ. ಕಲಿಸಿದವರ ಮುಖ ಬಾಡುವುದನ್ನು ನೋಡುವ ಧೈರ್ಯ ಸಾಲುತ್ತಿಲ್ಲ, ಅಲ್ವಾ?

ಇಂಥ ಇಕ್ಕಟ್ಟು ದೊಡ್ಡವರಿಗೂ ಬಂದಿದೆ. ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಬೆಳೆದಿದ್ದೇ ಮೆಮೊರಿ ಚಿಪ್ ಮಾರಿ. ಜಪಾನಿನ ಕಂಪನಿಗಳ ಪೈಪೋಟಿಯಲ್ಲಿ ಆ ವ್ಯಾಪಾರ ನೆಲ ಕಚ್ಚಿತು. ಆದರೂ ಬಿಡಲು ಮನಸ್ಸಿಲ್ಲ. 1985ರಲ್ಲಿ ಒಂದು ದಿನ ಕಂಪನಿಯ ಅಧ್ಯಕ್ಷ ಆಂಡಿ ಗ್ರೋವ್ ಅವರು ಸಿಇಒ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ಮನೆಗೆ ಕಳಿಸಿ ಹೊಸ ಸಿಇಒ ತಂದರೆ ಆತ ಏನು ಮಾಡಬಹುದು? ಮೆಮೊರಿ ಕೈಬಿಡುತ್ತಾನೆ ಎಂದರು ಮೂರ್. ಹಾಗಾದರೆ ಅದನ್ನು ನಾವೇ ಯಾಕೆ ಮಾಡಬಾರದು ಎಂದರು ಗ್ರೋವ್.

ನಿಮ್ಮ ಕುರ್ಚಿಗೆ ನಾಳೆ ಹೊಸಬರು ಬಂದರು ಅಂದುಕೊಳ್ಳಿ. ಅವರಿಗೆ ಯಾರ ಋಣವೂ ಇಲ್ಲ. ಯಾರನ್ನು ಆರಿಸುತ್ತಾರೆ? ಥಟ್ಟನೆ ಬಂದ ಹೆಸರನ್ನು ಚೀಟಿಯಲ್ಲಿ ಬರೆದಿಡಿ.

ಬೆಳಿಗ್ಗೆ ಎದ್ದು ಅದೇ ಹೆಸರನ್ನು ಕೆಡವಲು ನೋಡಿ. ಆರು ತಿಂಗಳಾಗಿದೆ, ಈ ಆಯ್ಕೆ ಪೂರ್ತಿ ಕೆಟ್ಟಿದೆ ಅಂದುಕೊಳ್ಳಿ. ಯಾಕೆ ಕೆಟ್ಟಿತು? ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದಕ್ಕೆ ಪ್ರಿಮಾರ್ಟಮ್ ಅಂತ ಹೆಸರಿಟ್ಟಿದ್ದಾರೆ. ಜೀವ ಇರುವಾಗಲೇ ಪೋಸ್ಟ್‌ಮಾರ್ಟಮ್! 'ಹಿರಿಯರಿಗೆ ಕೆಲಸ ಹೇಳಲು ಕಿರಿಯರಿಗೆ ಮುಜುಗರ' ಎಂಬಂಥ ಕಾರಣ ಸಿಕ್ಕರೆ ಸರಿಪಡಿಸಬಹುದು. ಸರಿಪಡಿಸಲು ಆಗದ್ದೇನಾದರೂ ಸಿಕ್ಕರೆ ಮಾತ್ರ ಹೆಸರು ಬದಲಿಸಿ.

ಇಬ್ಬರನ್ನೂ ಜಂಟಿ ಲೀಡ್ ಮಾಡುವ ಯೋಚನೆ ನಿಮಗೆ ಖಂಡಿತ ಬಂದಿರುತ್ತದೆ. ಬೇಡ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಗುತ್ತದೆ. ಈಗಲೇ ಮೀಟಿಂಗಿನಲ್ಲಿ ನೀವು ಯಾರ ಕಡೆ ಜಾಸ್ತಿ ನೋಡಿ ಮಾತಾಡಿದಿರಿ ಅಂತ ಇಬ್ಬರೂ ಲೆಕ್ಕ ಇಡುತ್ತಿರಬಹುದು.

ಲಾಯಕ್ಕು ಗೀಯಕ್ಕು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಲೀಡ್ ಸ್ಥಾನ ಸಿಗದವರಿಗೆ ಮೊದಲು ತಿಳಿಸಿ, ಮೇಲ್‌ನಲ್ಲಲ್ಲ, ಎದುರು ಕೂತು. ಅದು ನಿಮ್ಮ ಸೀನಿಯರೇ ಆದರೆ ವಿಷಯ ಮೊದಲ ಮಾತಿನಲ್ಲೇ ಬರಲಿ, ಹೊಗಳಿಕೆ ಆಮೇಲೆ. ಸಿಟ್ಟಾದರೆ ಆಗಲಿ, ವಾದಕ್ಕೆ ಇಳಿಯದೆ ಕೇಳಿಸಿಕೊಳ್ಳಿ. ಅವತ್ತು ಸಂಜೆಯೊಳಗೆ ತಂಡಕ್ಕೂ ಹೇಳಿಬಿಡಿ. ಎರಡು ದಿನ ಬಿಟ್ಟರೆ ನೀವು ಮತ್ತೆ ಆ ಶೀಟ್ ತೆರೆದು ಕೂರುತ್ತೀರಿ.